ಹಜಾರದಲ್ಲಿ ಮಗುಚಿದ ಆಟೋ

ಅಕ್ಕನ ಮಗಳಿಗೆ ಆಗ ಐದು ವರ್ಷ. ಗುಂಡ್ಲುಪೇಟೆಯಿಂದ ಭೀಮನಬೀಡಿನ ನಮ್ಮ ಮನೆಗೆ ಬರುವಾಗ ಅವರಿಬ್ಬರೂ ಕೂತಿದ್ದ ಆಟೋವನ್ನು ಈರುಳ್ಳಿ ಲಾರಿಯೊಂದು ಸವರಿಕೊಂಡು ಹೋಯಿತು. ಆಟೋ ಮಗುಚಿತು. ಅಕ್ಕನ ಕೈ ಮುರಿಯಿತು. ಮಗುವಿಗೆ ಒಂದು ಗೀರೂ ಆಗಲಿಲ್ಲ ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು.

ಆದರೆ ಅವತ್ತಿನಿಂದ ಅವಳು ಮಾತಾಡಲಿಲ್ಲ. ಹಾರನ್ ಕೇಳಿದರೆ ಮಂಚದಡಿ ಸೇರುತ್ತಿದ್ದಳು. ಹಾಸಿಗೆ ಒದ್ದೆಯಾಗುತ್ತಿತ್ತು. ಅವ್ವ ತಾಯ್ತ ಕಟ್ಟಿಸಿದಳು. ನಾವು ಚಾಮರಾಜನಗರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು.

"ಮಾತಾಡು ಅಂತ ಯಾರೂ ಬಲವಂತ ಮಾಡ್ಬೇಡಿ. ಹೆದರಿಕೆ ಇನ್ನೂ ಒಳಗೇ ಇದೆ. ಅವಳು ಯಾವ ಆಟ ಆಡ್ತಾಳೋ ನೀವೂ ಜೊತೆಗೆ ಅದನ್ನೇ ಆಡಿ" ಎಂದರು ಅವರು.

ಅವಳು ಆಡುತ್ತಿದ್ದದ್ದು ಒಂದೇ ಆಟ, ಕುರ್ಚಿ ಉರುಳಿಸುವುದು. ಅದುವರೆಗೂ ಬೈದು ಎತ್ತಿಡುತ್ತಿದ್ದೆವು. ಆಮೇಲಿಂದ ನಾವೇ ಉರುಳತೊಡಗಿದೆವು. ನಾನು ಬೆಡ್‌ಶೀಟ್ ಹೊದ್ದು ಆಟೋ ಆದೆ. ಹಣೆ ತುಂಬ ವಿಭೂತಿ ಹಚ್ಚಿ, ಊರಿನ ಪಂಚಾಯ್ತಿಯಲ್ಲಿ ಗತ್ತಿನಿಂದ ಕೂರುತ್ತಿದ್ದ ಅಪ್ಪ ಅಂಬೆಗಾಲಿಟ್ಟು ಲಾರಿಯಾದ. "ನನ್ ಕೈಲಿ ಆಗಕ್ಕಿಲ್ಲ, ಬುಡ್ರಪ್ಪ" ಅಂದ ಅವ್ವನನ್ನು ಈರುಳ್ಳಿ ಮೂಟೆ ಮಾಡಿದೆವು. ನಾವು ಬಿದ್ದಾಗಲೆಲ್ಲ ಮಗು ಗಂಭೀರವಾಗಿ ಬಂದು ಒಬ್ಬೊಬ್ಬರನ್ನೇ ಎಬ್ಬಿಸುತ್ತಿತ್ತು.

ಒಂದು ಸಂಜೆ ಲಾರಿಗೆ ಹುರುಪು ಜಾಸ್ತಿಯಾಗಿ, ರಾಗಿ ಡ್ರಮ್ಮಿಗೆ ಗುದ್ದಿ ಮೂಟೆಯ ಮೇಲೇ ಬಿತ್ತು.

"ತಾತ, ಬ್ರೇಕ್ ಆಕು" ಅಂದಿತು ಮಗು.

ನಾವೆಲ್ಲ ತಟ್ಟನೆ ಅವಳತ್ತ ತಿರುಗಿದೆವು. ಅಪ್ಪ ಮಾತ್ರ ಏನೂ ಆಗದವನಂತೆ ಕೇಳಿದ, "ಈ ಲಾರೀಲಿ ಬ್ರೇಕ್ ಎಲ್ಲಿ ಅದೆ ಕಣಮ್ಮಿ?"

"ಕಿವೀಲಿ ಅದೆ" ಎಂದು ಅವನ ಕಿವಿ ಹಿಡಿದು ಎಳೆದಳು.

ಅಪ್ಪ ಬಿದ್ದಲ್ಲೇ ಕಿರ್ರೆಂದು ಬ್ರೇಕಿನ ಸದ್ದು ಮಾಡಿದ. ಮಗು ಕಿಲಕಿಲ ನಕ್ಕಿತು. ನಮಗೆ ತಡೆಯಲಾಗಲಿಲ್ಲ. ಮೂಟೆ ಉರುಳಾಡಿ ನಕ್ಕಿತು. ಬ್ಯಾಂಡೇಜಿನ ಕೈ ಹಿಡಿದುಕೊಂಡು ಅಕ್ಕ, "ನಗಿಸ್ಬೇಡಿ, ನೋಯ್ತದೆ" ಎನ್ನುತ್ತಲೇ ಕಣ್ಣೀರು ಸುರಿಸಿ ನಕ್ಕಳು. ಗಲಾಟೆ ಕೇಳಿ ಬಂದ ಪಕ್ಕದ ಮನೆಯವರೂ ಯಾಕೆಂದು ತಿಳಿಯದೆ ನಕ್ಕರು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಹಾರನ್ನಿನ ಹೆದರಿಕೆ ತಿಂಗಳುಗಟ್ಟಲೆ ಇತ್ತು, ಆಟೋ ಹತ್ತಲು ಇನ್ನೂ ಹೆಚ್ಚು ಸಮಯ ಹಿಡಿಯಿತು. ಈಗಲೂ ಜೋರು ಸದ್ದಾದರೆ ಅಕ್ಕನ ಕೈ ಹುಡುಕುತ್ತಾಳೆ.

ಮೊನ್ನೆ ಸ್ಕೂಲಿಗೆ ಕರೆಸಿದ್ದರು, ಅಕ್ಕನ ಜೊತೆ ನಾನೂ ಹೋದೆ. "ಕ್ಲಾಸಲ್ಲಿ ಬಾಯೇ ಮುಚ್ಚಲ್ಲ ನಿಮ್ಮ ಹುಡುಗಿ" ಎಂದು ಟೀಚರ್ ದೂರು ಹೇಳಿದರು. ಅಕ್ಕ "ಹೌದಾ ಮೇಡಂ" ಎಂದು ತಲೆ ತಗ್ಗಿಸಿದಳು. ಗೇಟು ದಾಟಿದ್ದೇ ತಡ, ರಸ್ತೆಯಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.