ಮಗ್ಗದ ಸಪ್ಪಳ

ಪಿಂಚಣಿ ಬಂದ ಮೇಲೂ ದುಡಿಯುವ ನೇಕಾರರನ್ನು ಕಂಡು ಕಾರಣ ಕೇಳುವುದು ಗಜೇಂದ್ರಗಡದಲ್ಲಿ ನನ್ನ ಕೆಲಸವಾಗಿತ್ತು. ವಯಸ್ಸಾದ ಗಂಗವ್ವ ಮನೆಯಲ್ಲಿ ಒಬ್ಬರೇ ಇದ್ದರು. ನನ್ನ ಪ್ರಶ್ನೆಗೆ ಮಗ್ಗ ನಿಲ್ಲಿಸಿದರು.

"ಪಿಂಚಣಿ ಬಂದ ಕೂಡ್ಲೇ ಬಿಟ್ಟಿದ್ನೆಪಾ. ನನ್ನ ಹೊಟ್ಟಿಗೆ ಅದು ಸಾಕು."

"ಹಂಗಾರ ತಿರುಗಿ ಯಾಕ ಕುಂತ್ರಿ?"

"ಮೊದಲನೇ ದಿನ ಸಪ್ಪಳ ಇಲ್ಲಂತ ಓಣಿ ಮಂದಿ ಎಲ್ಲಾ ಬಂದು ಇಣುಕಿದ್ರು. ಆಮ್ಯಾಲ ಅವರಿಗೂ ರೂಢಿ ಆತು. ಜ್ವರ ಬಂದು ಮಲಗಿದ್ರೂ ಯಾರೂ ಬರಲಿಲ್ಲ. ನಡಿಯೋ ಮಗ್ಗ ನಿಂತ್ರ ಕೇಳ್ತಾರ. ನಿಂತ ಮಗ್ಗಾನ ಯಾರು ಕೇಳ್ತಾರ?"

ಅಷ್ಟರಲ್ಲಿ ಗೋಡೆಯಾಚೆಯಿಂದ ನೆರೆಮನೆಯ ಹೆಂಗಸಿನ ದನಿ ಬಂತು. "ಯಕ್ಕಾ, ಅದಿಯೋ, ಹೋದಿಯೋ?"

"ಅದೀನವಾ. ಯಾರೋ ಹುಡುಗ ಬಂದು ಕೆಲಸ ಕೆಡಸ್ಯಾನ," ಎಂದು ಗಂಗವ್ವ ನಕ್ಕು ಮತ್ತೆ ಲಾಳಿ ಓಡಿಸಿದರು.

ಸಂಜೆ ರೋಣದ ನನ್ನ ಬಾಡಿಗೆ ಕೋಣೆಗೆ ಬಂದು ಫ್ಯಾನ್ ಹಾಕಿದೆ. ಅದು ಕಟಕಟ ಸದ್ದು ಮಾಡುತ್ತದೆ, ರಿಪೇರಿ ಮಾಡಿಸಬೇಕೆಂದಿದ್ದೆ. ಸುಮ್ಮನೆ ಒಮ್ಮೆ ಆರಿಸಿ, ಕಾದು ನೋಡಿದೆ. ಪಕ್ಕದ ಕೋಣೆಯವರು ಏನೂ ಕೇಳಲಿಲ್ಲ. ಧಗೆ ತಡೆಯದೆ ನಾನೇ ಮತ್ತೆ ಹಾಕಿದೆ.