ಗುಬ್ಬಿಯ ಮೇಲಿನ ಹಿಮ

ಎಂಬತ್ತರ ದಶಕದ ಮೊದಲ ಮಳೆಗಾಲಗಳಲ್ಲಿ ನಮ್ಮ ಪರೀಕ್ಷಾ ವಿಮಾನದ ಕೆಲಸವೇ ಹಿಮ ಹುಡುಕುವುದು. ಉಳಿದ ವಿಮಾನಗಳು ಸುತ್ತುಹಾಕಿ ತಪ್ಪಿಸಿಕೊಳ್ಳುವ ಮೋಡಗಳೊಳಕ್ಕೆ ನಾವು ಬೇಕೆಂದೇ ನುಗ್ಗುತ್ತಿದ್ದೆವು. ಕೆಳಗೆ ತುಮಕೂರಿನಲ್ಲಿ ಜನ ಕೊಡೆ ಬಿಚ್ಚುವಾಗ, ಅದೇ ಮೋಡದ ಮೇಲ್ಭಾಗದಲ್ಲಿ ನೀರು ರೆಕ್ಕೆಗೆ ತಗುಲಿದೊಡನೆ ಹೆಪ್ಪುಗಟ್ಟುತ್ತಿತ್ತು. ರೆಕ್ಕೆಯ ಮುಂದಿನ ಅಂಚಿಗೆ ರಬ್ಬರಿನ ಪಟ್ಟಿ. ಗಾಳಿ ತುಂಬಿದರೆ ಅದು ಉಬ್ಬಿ ಹಿಮವನ್ನು ಒಡೆದು ಹಾರಿಸಬೇಕು. ಹಾರಿಸುತ್ತದೆಯೇ ಎಂದು ಕಿಟಕಿಯಿಂದ ನೋಡುವವನು ನಾನು.

ನಮ್ಮಲ್ಲೊಂದು ಕಟ್ಟಳೆಯಿತ್ತು. ಕಂಡದ್ದನ್ನು ಆ ಕ್ಷಣವೇ ಮೈಕಿನಲ್ಲಿ ಹೇಳಬೇಕು. ಕೆಳಗಿಳಿದರೆ ಹಿಮ ಕರಗಿಹೋಗುತ್ತದೆ. ಆಮೇಲೆ ನೆನಪಿನಿಂದ ಹೇಳಿದ್ದು ಲೆಕ್ಕಕ್ಕಿಲ್ಲ.

ಒಂದು ದಿನ ರಬ್ಬರು ಉಬ್ಬಿತು, ಮೇಲಿನ ಹಿಮ ಹಾರಿತು, ಆದರೆ ಪಟ್ಟಿಯ ಹಿಂದೆ ಹಿಮದ ದಿಬ್ಬವೊಂದು ಹಾಗೇ ಉಳಿಯಿತು. ಹೇಳಿದೆ. ಹೇಳಿದೆನೆಂದೇ ಈಗಲೂ ನಂಬಿದ್ದೇನೆ. ಆಕ್ಸಿಜನ್ ಮಾಸ್ಕಿನೊಳಗಿನ ಮೈಕಿನ ಮೇಲೆ ನನ್ನ ಉಸಿರೇ ಹೆಪ್ಪುಗಟ್ಟಿತ್ತೋ ಏನೋ, ಪೈಲಟ್‌ಗೆ ಕೇಳಿಸಲಿಲ್ಲ.

ನಮ್ಮ ಮುಖ್ಯಸ್ಥರು ಕುಣಿಗಲ್ ಕಡೆಯವರು. ಆ ಪಟ್ಟಿಯ ವಿನ್ಯಾಸ ಅವರದೇ. ಇಳಿದ ಮೇಲೆ ನಾನು ದಿಬ್ಬದ ವಿಷಯ ಮತ್ತೆ ಹೇಳಿದಾಗ ಎಲ್ಲರೆದುರು ನಕ್ಕರು.

"ಆಕ್ಸಿಜನ್ ಸಾಲ್ದೆ ತಲೆ ತಿರುಗಿದೆ ಕಣಯ್ಯಾ ನಿಂಗೆ. ಗುಬ್ಬಿಯವ್ನು, ಐಸ್‌ಕ್ಯಾಂಡಿ ಬಿಟ್ಟು ಬೇರೆ ಐಸು ಎಲ್ಲಿ ನೋಡಿದೀಯಾ?"

ವರದಿಯಿಂದ ನನ್ನ ಮಾತು ಹೋಯಿತು. ಇನ್ನೊಮ್ಮೆ ಹೀಗಾದರೆ ಹಾರಾಟದಿಂದಲೇ ತೆಗೆಯುತ್ತೇನೆಂದರು. ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದೇ ಅನುಮಾನಿಸುವುದನ್ನು. ಶೆಟ್ಟಿಹಳ್ಳಿಯ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ, ಆ ದಿಬ್ಬ ನಿಜಕ್ಕೂ ಇತ್ತೇ ಎಂಬ ಯೋಚನೆ. ಐಸ್‌ಕ್ಯಾಂಡಿಯ ಮಾತನ್ನಾದರೂ ಮರೆಯುತ್ತಿದ್ದೆ. ನನ್ನ ಕಣ್ಣನ್ನೇ ನಾನು ನಂಬದಂತೆ ಮಾಡಿದ್ದಕ್ಕೆ ಹಲ್ಲು ಕಡಿಯುತ್ತಿದ್ದೆ.

ಸೇಡಿಗೆ ದಾರಿ ಸಿಕ್ಕಿದ್ದು ಅದೇ ಪಟ್ಟಿಯ ಮರುಪರೀಕ್ಷೆಯ ದಿನ. "ನೀವೇ ಕಿಟಕಿ ಹತ್ರ ಕೂತ್ಕೊಳಿ ಸಾರ್. ನಿಮ್ ತಲೆ ತಿರುಗಲ್ವಲ್ಲ," ಎಂದೆ, ಎಲ್ಲರೆದುರೇ. ಅವರಿಗೆ ಆಗುವುದಿಲ್ಲ ಎನ್ನಲಾಗಲಿಲ್ಲ.

ಗುಬ್ಬಿ ದಾಟಿ ಕುಣಿಗಲ್ ಕಡೆ ತಿರುಗಿದಾಗ ಮೋಡ ದಟ್ಟವಾಯಿತು. ರಬ್ಬರು ಉಬ್ಬಿತು. ಹಿಂದೆ ದಿಬ್ಬ ಉಳಿಯಿತು, ಬೆಳೆಯಿತು. ವಿಮಾನ ಅದುರತೊಡಗಿತು.

"ಏನ್ ಕಾಣ್ತಿದೆ ಸಾರ್?" ಎಂದೆ.

"ಇಳ್ಸೋಕೆ ಹೇಳಯ್ಯಾ ಮೊದ್ಲು!"

"ಕಂಡಿದ್ದು ಹೇಳ್ಬಿಡಿ. ಇಳಿದ್ರೆ ಕರಗೋಗುತ್ತೆ."

"ಐಸಿದೆ! ರಬ್ಬರ್ ಹಿಂದೆ ಐಸಿದೆ ಕಣಯ್ಯಾ!"

"ಮೈಕ್ ಸರಿಯಿಲ್ಲ ಅನ್ಸುತ್ತೆ ಸಾರ್. ಇನ್ನೊಂದ್ಸಲ."

ಮತ್ತೆ ಕೂಗಿದರು. ಪೈಲಟ್ ನನ್ನನ್ನೇ ಗದರಿದರು: "ರೀ, ನಂಗೆ ಮೊದಲ್ನೇ ಸಲಾನೇ ಕೇಳಿಸ್ತು. ಸುಮ್ನಿರಿ, ಇಳಿಸ್ತಿದೀನಿ."

ಪಟ್ಟಿಯನ್ನು ಅಗಲ ಮಾಡಿದರು. ನಾನು ಹಾರಾಟದಲ್ಲಿ ಉಳಿದೆ. ಅವರು ಮತ್ತೆಂದೂ ನಮ್ಮ ಜೊತೆ ಹಾರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಪೈಲಟ್ ಸಿಕ್ಕಿದ್ದರು. ಮುಖ್ಯಸ್ಥರು ಹೇಗೆ ಕಿರುಚಿದರೆಂದು ನೆನಪಿಸಿದೆ.

"ಅವ್ರೆಲ್ರೀ ಕಿರುಚಿದ್ರು? ತಣ್ಣಗೇ ಹೇಳಿದ್ರಪ್ಪ. ಕಿರುಚ್ತಾ ಇದ್ದೋರು ನೀವು."

ಇರಬಹುದು. ನನ್ನ ಯಾವ ನೆನಪನ್ನು ಬೇಕಾದರೂ ಪರೀಕ್ಷೆಗೆ ಒಡ್ಡುತ್ತೇನೆ. ಅವರ ಆ ಕಿರುಚಾಟವನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ.