ಕೆಲಸ ಹೋಯಿತು ಎಂಬುದಕ್ಕೆ ಆಫೀಸಿನ ಇಂಗ್ಲಿಷು

ಶಿವಾಜಿನಗರದ ಬಸ್ ನಿಲ್ದಾಣದ ಹಿಂದೆ, ಬ್ಯಾಗು ಮಾರುವ ಅಂಗಡಿಯ ಮಹಡಿಯ ಮೇಲೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಾನು ಇಂಗ್ಲಿಷು ಕಲಿತದ್ದು ಅಲ್ಲಿ, ಬೆರಳುಗಳಿಂದ. ಲಿಂಗರಾಜಪುರದ ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಇಂಗ್ಲಿಷಿನಲ್ಲಿ ಕಾಗದ ಬರೆದವರಲ್ಲ. ತಾತನ ಕಾಲದವರೆಗೂ ನಮ್ಮವರು ಸೊಪ್ಪು ಬೆಳೆದವರು. ಮೇಷ್ಟರು ಕೊಟ್ಟ ಮಾದರಿ ಪತ್ರಗಳನ್ನು ಹೊಡೆದು ಹೊಡೆದು ‘ಐ ಬೆಗ್ ಟು ಸ್ಟೇಟ್’, ‘ಎನ್‌ಕ್ಲೋಸ್ಡ್ ಹಿಯರ್‌ವಿತ್’, ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂಬ ಮಾತುಗಳು ಕೈಗೆ ಕೂತುಬಿಟ್ಟವು. ಸುಮ್ಮನೆ ಒಂದು ವಿಷಯ ತಿಳಿಸುವುದಕ್ಕೆ ‘ಬೇಡಿಕೊಳ್ಳುತ್ತೇನೆ’ ಎಂದು ಯಾಕೆ ಬರೆಯಬೇಕು ಅಂತ ಒಮ್ಮೆ ಕೇಳಿದ್ದೆ.

“ಅದು ಹಂಗೇ ಇರೋದಮ್ಮ. ಹೊಡಿ,” ಎಂದಿದ್ದರು.

ಹೊಡೆದೆ. ಕೆ.ಆರ್. ಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಅಲ್ಲಿ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಇಂದಿರಾನಗರದ ಈಗಿನ ಕಂಪನಿಗೆ ಸೇರಿದೆ. ಯಾರದೋ ಹಳೆಯ ಬಂಗಲೆಯನ್ನು ಆಫೀಸು ಮಾಡಿಕೊಂಡಿದ್ದರು. ಸಿಬ್ಬಂದಿಗೆ ಹೋಗುವ ಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಮೇಲಿನ ಮ್ಯಾನೇಜರ್ ಹಾಸನದ ಕಡೆಯ ಹುಡುಗಿ, ವಯಸ್ಸಿನಲ್ಲಿ ನನ್ನ ಮಗಳಂತಿದ್ದಳು.

ಸೇರಿದ ಮೊದಲ ವಾರವೇ ಎಲ್ಲರಿಗೂ ಒಂದು ಮೇಲ್ ಕಳಿಸಿದೆ. ಕೊನೆಯಲ್ಲಿ ಅಭ್ಯಾಸಬಲದಿಂದ ‘ಡೂ ದ ನೀಡ್‌ಫುಲ್ ಅಂಡ್ ರಿವರ್ಟ್’ ಎಂದು ಬರೆದಿದ್ದೆ. ಯಾರೋ ಅದಕ್ಕೆ ನಗುವ ಮುಖದ ಚಿತ್ರ ಹಾಕಿದರು. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು.

“ಮೇಡಂ, ಬೇಜಾರು ಮಾಡ್ಕೋಬೇಡಿ. ಹೀಗೆ ಈಗ ಯಾರೂ ಬರೆಯಲ್ಲ. ರಿವರ್ಟ್ ಅಂದ್ರೆ ಉತ್ತರ ಕೊಡಿ ಅಂತಾನೂ ಅಲ್ಲ.”

ಐವತ್ತರ ಹತ್ತಿರದಲ್ಲಿ ಮತ್ತೆ ಕಲಿಯಲು ಕೂತೆ. ಬಿಡುವಿದೆಯಾ ಎನ್ನುವುದಕ್ಕೆ ಬ್ಯಾಂಡ್‌ವಿಡ್ತ್. ಆಮೇಲೆ ನೋಡೋಣ ಎನ್ನುವುದಕ್ಕೆ ಸರ್ಕಲ್ ಬ್ಯಾಕ್. ಒಪ್ಪಿಕೊಳ್ಳಿ ಎನ್ನುವುದಕ್ಕೆ ಅಲೈನ್. ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮೆಟ್ರೊದಲ್ಲಿ ಓದುತ್ತಿದ್ದೆ. ಹಳೆಯ ಇಂಗ್ಲಿಷು ಕೈಮುಗಿದು ನಿಲ್ಲುತ್ತಿತ್ತು, ಇದು ಹೆಗಲ ಮೇಲೆ ಕೈ ಹಾಕುತ್ತಿತ್ತು. ಎರಡರಲ್ಲೂ ವಿಷಯ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಆದರೆ ಬರಬರುತ್ತಾ ನನಗದು ಚೆನ್ನಾಗಿಯೇ ಒಗ್ಗಿತು. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಆಫೀಸಿನಲ್ಲಿ ಕಾಫಿ, ಟೀ ಮಾಡಿ ಕೊಡುವ ಹೆಂಗಸೊಬ್ಬಳಿದ್ದಳು. ಹಲಸೂರಿನವಳು, ಮನೆಮಾತು ತಮಿಳು. ನನಗಿಂತ ಮೊದಲಿನಿಂದ ಅಲ್ಲಿದ್ದವಳು. ಹೋದ ವರ್ಷ ಕಂಪನಿ ಕಾಫಿ ಯಂತ್ರ ತರಿಸಿ, ಅವಳನ್ನು ತೆಗೆಯಲು ತೀರ್ಮಾನಿಸಿತು. ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಎರಡು ಪುಟ ಬರೆದೆ. ಕಂಪನಿಯ ಪಯಣದಲ್ಲಿ ಅವಳ ಪಾತ್ರ, ಬದಲಾಗುತ್ತಿರುವ ಅಗತ್ಯಗಳು, ಅವಳ ಬದುಕಿನ ಮುಂದಿನ ಅಧ್ಯಾಯಕ್ಕೆ ‘ಟ್ರಾನ್ಸಿಷನ್’ ಆಗಲು ನಮ್ಮ ಬೆಂಬಲ. ಅವಳಿಗೆ ಇಂಗ್ಲಿಷು ಬಾರದು ಎಂಬುದು ಬರೆಯುವಾಗ ನನ್ನ ತಲೆಗೇ ಹೊಳೆಯಲಿಲ್ಲ. ಮ್ಯಾನೇಜರ್ ಒಂದು ಅಕ್ಷರವನ್ನೂ ತಿದ್ದಲಿಲ್ಲ. ಆ ಸಂಜೆ ನಾನು ಖುಷಿಯಾಗಿಯೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಅವಳು ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಮುಖ ಗೆಲುವಾಗಿತ್ತು.

“ಅಕ್ಕಾ, ರಾತ್ರಿ ಮಗಳ ಕೈಲಿ ಓದಿಸ್ದೆ. ಬೇರೆ ಆಫೀಸಿಗೆ ಹಾಕ್ತಾ ಇದ್ದಾರಮ್ಮಾ, ತುಂಬ ಹೊಗಳಿದ್ದಾರೆ ಅಂದ್ಳು. ಯಾವ ಕಡೆ ಅಕ್ಕಾ ಹೊಸ ಆಫೀಸು? ವೈಟ್‌ಫೀಲ್ಡ್ ಆದ್ರೆ ಎರಡು ಬಸ್ ಆಗುತ್ತೆ ನಂಗೆ.”

ಅವಳ ಮಗಳು ಪಿಯುಸಿ ಓದುತ್ತಿದ್ದವಳು, ದಡ್ಡಿಯಲ್ಲ. ಅರ್ಥವಾಗದಂತೆ ಬರೆದದ್ದು ನಾನು. ತಾಯಿಯನ್ನು ಕೂರಿಸಿದೆ.

“ಬೇರೆ ಆಫೀಸು ಇಲ್ಲ. ಕೆಲಸದಿಂದ ತೆಗೆದಿದ್ದಾರೆ,” ಎಂದೆ.

ಅವಳು ಕಾಗದವನ್ನು ನೋಡಿದಳು. “ಇದರಲ್ಲಿ ಹಂಗೆ ಬರ್ದಿದೆಯಾ?”

“ಹೂಂ.”

“ಯಾರು ಬರ್ದಿದ್ದು?”

“ನಾನೇ.”

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕಾಗದವನ್ನು ಮತ್ತೆ ಕವರಿನೊಳಗೆ ಇಟ್ಟು, “ನಿನ್ನೆ ಸಾಯಂಕಾಲ ಇಲ್ಲೇ ಇದ್ನಲ್ಲಕ್ಕಾ. ಬಾಯಲ್ಲಿ ಹೇಳಬಹುದಿತ್ತು,” ಎಂದಳು.

ಮಗಳ ಪರೀಕ್ಷೆ ಮುಗಿಯುವವರೆಗಾದರೂ ಇರಲು ಬಿಡಿ ಎಂದು ಅರ್ಜಿ ಬರೆದುಕೊಡಲು ಕೇಳಿದಳು. ಬರೆಯಲು ಕೂತರೆ ಮೊದಲು ಬಂದದ್ದು ‘ಐ ಬೆಗ್’. ಅಳಿಸಿದೆ. ಆಮೇಲೆ ಹೊಸ ಮಾತುಗಳು ಬಂದವು. ಅವನ್ನೂ ಅಳಿಸಿದೆ. ಕೊನೆಗೆ, ಮಗಳ ಪರೀಕ್ಷೆಗೆ ಎರಡು ತಿಂಗಳಿದೆ, ಅಲ್ಲಿಯವರೆಗೆ ಕೆಲಸ ಬೇಕು, ಎಂದಷ್ಟೇ ಬರೆದು ಅವಳ ಸಹಿ ಹಾಕಿಸಿ ಕಳಿಸಿದೆ. ಮ್ಯಾನೇಜರ್‌ನಿಂದ ಒಂದು ಸಾಲಿನ ಉತ್ತರ ಬಂತು: ಈ ಬಗ್ಗೆ ಸರ್ಕಲ್ ಬ್ಯಾಕ್ ಮಾಡುತ್ತೇನೆ.

ನಾಲ್ಕು ದಿನ ಕಾದೆ. ಐದನೆಯ ದಿನ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

“ಆಗುತ್ತೋ ಇಲ್ವೋ ಹೇಳ್ಬಿಡಿ. ಎರಡರಲ್ಲಿ ಒಂದನ್ನ ಅವಳಿಗೆ ಹೇಳ್ಬೇಕು ನಾನು.”

ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಅವಳಿಗೂ ನಿದ್ದೆಯಿಲ್ಲದಂತೆ ಕಂಡಿತು. “ನನಗೂ ಮೇಲಿಂದ ಇದೇ ಥರ ಉತ್ತರ ಬರೋದು ಮೇಡಂ. ಹೂಂ ಅಂದ್ರಾ, ಊಹೂಂ ಅಂದ್ರಾ ಅಂತ ನನಗೂ ಗೊತ್ತಾಗಲ್ಲ. ತಿರುಗಿ ಕೇಳೋಕೆ ಭಯ.”

“ಒಂದು ಫೋನ್ ಮಾಡಿ ಕೇಳಿ. ನಾನು ಇಲ್ಲೇ ಕೂತಿರ್ತೀನಿ.”

ಮಾಡಿದಳು. ಮೂರು ನಿಮಿಷದ ಮಾತು. ಎರಡು ತಿಂಗಳು ಸಿಕ್ಕಿತು. ಗೆದ್ದೆ ಅಂತ ನನಗನ್ನಿಸಲಿಲ್ಲ. ಐದು ದಿನ ಆ ಹೆಂಗಸು ಪ್ರತಿ ಸಲ ನನ್ನ ಮೇಜಿಗೆ ಬಂದಾಗಲೂ ಮುಖ ನೋಡಿ ಹೋಗಿದ್ದಳು. ಅಷ್ಟನ್ನೂ ಆ ಮೂರು ನಿಮಿಷ ತಪ್ಪಿಸಬಹುದಿತ್ತು.

ಅವಳ ಮಗಳು ಪಾಸಾದಳು. ತಾಯಿಗೆ ಸಿ.ವಿ. ರಾಮನ್ ನಗರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಐದಕ್ಕೇ ಹೋಗಬೇಕಂತೆ, ಕಾಲು ನೋವಂತೆ. ಒಮ್ಮೊಮ್ಮೆ ಫೋನ್ ಮಾಡುತ್ತಾಳೆ. ಪತ್ರದ ವಿಷಯ ಎತ್ತುವುದಿಲ್ಲ.

ಕಳೆದ ತಿಂಗಳು ಮತ್ತೆ ಮೂವರಿಗೆ ಪತ್ರ ಬರೆಯಬೇಕಾಗಿ ಬಂತು. ಈ ಸಲ ಮೊದಲ ಸಾಲಿನಲ್ಲೇ ‘ನಿಮ್ಮ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ’ ಎಂದು ಬರೆದೆ. ಮ್ಯಾನೇಜರ್ ಓದಿ, “ನನಗೇನೋ ಇದೇ ಸರಿ ಅನ್ಸುತ್ತೆ. ಲೀಗಲ್‌ನವರು ಬಿಡಲ್ಲ,” ಎಂದಳು. ಬಿಡಲಿಲ್ಲ. ಪತ್ರ ತಿರುಗಿ ಬಂದಾಗ ಆ ಸಾಲು ಎರಡನೆಯ ಪುಟದಲ್ಲಿ, ಗುರುತೇ ಸಿಗದ ಹಾಗೆ ಕೂತಿತ್ತು. ನಾನು ವಾದ ಮಾಡಲಿಲ್ಲ. ಅಷ್ಟು ಶಕ್ತಿ ಉಳಿದಿಲ್ಲ. ಪತ್ರ ಕಳಿಸುವ ಮೊದಲು ಮೂವರನ್ನೂ ಒಬ್ಬೊಬ್ಬರಾಗಿ ಕರೆದು, ಇಬ್ಬರಿಗೆ ಕನ್ನಡದಲ್ಲಿ, ಒಬ್ಬನಿಗೆ ನನ್ನ ಹರಕುಮುರುಕು ತಮಿಳಿನಲ್ಲಿ ವಿಷಯ ಹೇಳಿದೆ. ಅವರಲ್ಲೊಬ್ಬ ಅತ್ತ. ಒಬ್ಬ ನನ್ನ ಮೇಲೆ ರೇಗಿದ. ಇನ್ನೊಬ್ಬ, “ಸರಿ ಮೇಡಂ,” ಎಂದು ಎದ್ದು ಹೋದ. ಆಮೇಲೆ ನನ್ನ ಜಾಗಕ್ಕೆ ಬಂದು ಕೂತು, ಮೂರು ಪತ್ರಗಳನ್ನೂ ಕಳಿಸಿದೆ.